ಬಾನೆಟ್ ಹಿಂಜಿಗೆ ವಾಷರ್ ಹಾಕಿದರೆ ಎಂಜಿನ್ ತಣ್ಣಗಾಗುತ್ತಾ?

ಏಪ್ರಿಲ್ ಬಿಸಿಲಲ್ಲಿ ಬಳ್ಳಾರಿಯ ರಸ್ತೆಗಳಲ್ಲಿ ಓಡಾಡುವ ಹಳೆ ಕಾರುಗಳನ್ನು ಸ್ವಲ್ಪ ಗಮನಿಸಿ. ಕೆಲವು ಕಾರುಗಳ ಬಾನೆಟ್ ಗಾಜಿನ ಕಡೆ ಒಂದು ಬೆರಳು ಎದ್ದಿರುತ್ತದೆ. ಎಲ್ಲೋ ಗುದ್ದಿ ಎದ್ದಿದ್ದಲ್ಲ, ಬೇಕಂತಲೇ ಎತ್ತಿದ್ದು. ಹಿಂಜಿಗೂ ಬಾನೆಟ್ಟಿಗೂ ನಡುವೆ ವಾಷರ್ ಪೇರಿಸಿ ಬೋಲ್ಟ್ ಬಿಗಿದಿರುತ್ತಾರೆ. ಎಂಜಿನ್ ಬಿಸಿ ಆ ಸಂದಿಯಿಂದ ಹೊರಗೆ ಹೋಗಲಿ ಅಂತ.

ನಾನೂ ಹಾಕಿಸಿದ್ದೆ. ನಮ್ಮದು ಹಳೆಯ ಚಿಕ್ಕ ಹ್ಯಾಚ್‌ಬ್ಯಾಕ್. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಮೇಸ್ತ್ರಿ ಬಾನೆಟ್ ಎತ್ತಿ ಒಮ್ಮೆ ನೋಡಿ, "ವಾಷರ್ ಹಾಕಿ ಬಿಡ್ರಿ ಸಾರ್, ಎಂಜಿನ್ ಉಸಿರಾಡ್ತೈತಿ" ಅಂದರು. ಹತ್ತು ನಿಮಿಷದ ಕೆಲಸ, ಖರ್ಚೂ ಇಲ್ಲ. ಯಾರು ಬೇಡ ಅಂತಾರೆ? ಹೂಂ ಅಂದೆ.

ಆಮೇಲೆ ಆದದ್ದನ್ನು ಹೇಳುವ ಮೊದಲು ಹಿಂಜ್ ಅಂದರೇನು ಅಂತ ನೋಡೋಣ. ನೋಡಲಿಕ್ಕೆ ಎರಡು ತುಂಡು ಕಬ್ಬಿಣ. ಆದರೆ ಅದು ಮಾಡುವ ಕೆಲಸ ಎರಡಲ್ಲ.

ಬಾಗಿಲಿನ ಬಿಜಾಗ್ರಿ, ಪಡಸಾಲೆಯ ಉಯ್ಯಾಲೆ

ಮನೆಯ ಬಾಗಿಲಿಗೆ ಹಾಕುತ್ತೇವಲ್ಲ, ನಮ್ಮ ಕಡೆ ಬಡಗಿಗಳು ಬಿಜಾಗ್ರಿ ಅನ್ನುತ್ತಾರೆ, ಅದೇ ಸರಳವಾದ ಹಿಂಜ್. ಒಂದು ಪಿನ್ನು, ಎರಡು ರೆಕ್ಕೆ. ಒಂದು ರೆಕ್ಕೆ ಚೌಕಟ್ಟಿಗೆ, ಇನ್ನೊಂದು ಬಾಗಿಲಿಗೆ. ಬಾಗಿಲು ಆ ಪಿನ್ನಿನ ಸುತ್ತ ತಿರುಗುತ್ತದೆ. ಬಹಳ ಕಾರುಗಳ ಬಾನೆಟ್ಟಿಗೂ ಇಂಥದ್ದೇ ಇರುತ್ತದೆ. ಗಾಜಿನ ಎರಡು ಮೂಲೆಗಳ ಹತ್ತಿರ ಒಂದೊಂದು. ಕೆಳಗಿನ ರೆಕ್ಕೆ ಕಾರಿನ ಬಾಡಿಗೆ, ಮೇಲಿನದು ಬಾನೆಟ್ಟಿಗೆ. ಹಳೇ ಜೀಪಿನಲ್ಲಿ ಇದು ಹೊರಗೇ ಕಾಣುತ್ತದೆ. ಕಾರಿನಲ್ಲಿ ಬಾನೆಟ್ ಅಡಿಯಲ್ಲಿ ಅಡಗಿರುತ್ತದೆ, ಅಷ್ಟೇ ವ್ಯತ್ಯಾಸ.

ಅಡಗಿದ್ದರಿಂದಲೇ ತಲೆನೋವು ಶುರು. ಬಾನೆಟ್ ಎತ್ತಿದಾಗ ಅದರ ಹಿಂದಿನ ಅಂಚು ಗಾಜಿಗೆ ತಾಗಬಾರದು, ವೈಪರಿಗೆ ತಾಗಬಾರದು, ಪಕ್ಕದ ಫೆಂಡರಿನ ಪೇಂಟ್ ಕೆರೆಯಬಾರದು. ಪಿನ್ನು ಎಲ್ಲಿರಬೇಕು ಅಂತ ಕಂಪನಿಯವರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಸ್ವಲ್ಪ ಆಚೀಚೆ ಮಾಡಿದರೂ ಬಾನೆಟ್ಟಿನ ಮೂಲೆ ಬೇರೆ ದಾರಿ ಹಿಡಿಯುತ್ತದೆ.

ಕೆಲವು ಕಾರುಗಳಲ್ಲಿ ಒಂದೇ ಪಿನ್ನಿನಿಂದ ಈ ಕೆಲಸ ಆಗುವುದಿಲ್ಲ. ಅಲ್ಲಿ ನಾಲ್ಕು ಪಿನ್ನಿನ ಹಿಂಜ್ ಹಾಕುತ್ತಾರೆ. ಇದು ಅರ್ಥವಾಗಬೇಕಾದರೆ ಪಡಸಾಲೆಯ ಉಯ್ಯಾಲೆ ನೆನಪಿಸಿಕೊಳ್ಳಿ. ಮಣೆಗೆ ಎರಡೂ ತುದಿಯಲ್ಲಿ ಸರಪಳಿ. ಸರಪಳಿಗಳ ಉದ್ದ ಒಂದೇ ಇದ್ದರೆ ಎಷ್ಟು ತೂಗಿದರೂ ಮಣೆ ಮಟ್ಟಸವಾಗಿಯೇ ಇರುತ್ತದೆ, ಅಜ್ಜಿಯ ಕೈಯಲ್ಲಿರುವ ಚಹಾ ಚೆಲ್ಲುವುದಿಲ್ಲ. ಒಂದು ತುದಿಯ ಸರಪಳಿ ಗಿಡ್ಡ ಮಾಡಿ ನೋಡಿ. ಮಣೆ ಮುಂದೆ ಹೋಗುವಾಗಲೇ ಓರೆಯೂ ಆಗುತ್ತದೆ. ನಾಲ್ಕು ಪಿನ್ನಿನ ಹಿಂಜಿನ ಗುಟ್ಟು ಇದೇ. ಸರಪಳಿಯ ಬದಲು ಎರಡು ಕಬ್ಬಿಣದ ಪಟ್ಟಿ, ಒಂದು ಉದ್ದ, ಒಂದು ಗಿಡ್ಡ. ಬಾನೆಟ್ ಮೊದಲು ಸ್ವಲ್ಪ ಜರುಗಿ, ಗಾಜಿನಿಂದ ದೂರ ಹೋಗಿ, ಆಮೇಲೆ ಮೇಲೇಳುತ್ತದೆ. ಈ ಪಟ್ಟಿಗಳನ್ನು ಮನೆಯಲ್ಲಿ ಉದ್ದ ಮಾಡುವುದು, ಬಗ್ಗಿಸುವುದು ಬೇಡವೇ ಬೇಡ. ಎರಡು ಮಿಲಿಮೀಟರ್ ತಪ್ಪು ಹಿಂಜಿನ ಹತ್ತಿರ ಕಾಣುವುದಿಲ್ಲ. ಮುಂದಿನ ತುದಿಗೆ ಬರುವಷ್ಟರಲ್ಲಿ ಅದು ಬೆರಳಗಲ ಆಗಿರುತ್ತದೆ.

ಬಾನೆಟ್ ಮುಂದಿನ ಬಂಪರ್ ಕಡೆ ಹಿಂಜಿದ್ದು, ಗಾಜಿನ ಕಡೆಯಿಂದ ತೆರೆಯುವ ಕಾರುಗಳೂ ಇವೆ. ಹಳೇ ಜಾಗ್ವಾರ್ ಇ-ಟೈಪ್ ಹಾಗೇ, ಅದರ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಅದನ್ನು ನೋಡಿ ನಮ್ಮ ಕಾರಿಗೂ "ಉಲ್ಟಾ ಬಾನೆಟ್" ಮಾಡಿಸಬೇಕು ಅನ್ನುವ ಹುಡುಗರಿದ್ದಾರೆ. ಲಾಕ್ ಜಾಗ, ಹಿಂಜ್ ಜಾಗ ಎರಡನ್ನೂ ಅದಲುಬದಲು ಮಾಡಿ ಕತ್ತರಿಸಿ ವೆಲ್ಡ್ ಮಾಡಬೇಕಾದ ಕೆಲಸ ಅದು. ಮನೆಯ ಅಂಗಳದ ಕೆಲಸ ಅಲ್ಲ.

ಬಿಸಿ ಎಲ್ಲಿಂದ ಹೋಗುತ್ತದೆ?

ಮತ್ತೆ ವಾಷರಿಗೆ ಬರೋಣ. ಎಂಜಿನ್ನಿನ ಬಿಸಿಯನ್ನು ಹೊರಗೆ ಹಾಕುವುದು ಬಾನೆಟ್ ಅಲ್ಲ, ರೇಡಿಯೇಟರ್. ಕೂಲಂಟ್ ಎಂಜಿನ್ ಒಳಗೆ ಸುತ್ತಿ ಬಿಸಿ ಹೀರಿಕೊಂಡು ರೇಡಿಯೇಟರಿಗೆ ಬರುತ್ತದೆ. ಮುಂದಿನ ಗ್ರಿಲ್ಲಿನಿಂದ ನುಗ್ಗುವ ಗಾಳಿ ರೇಡಿಯೇಟರಿನ ತೆಳು ಪದರಗಳ ನಡುವೆ ಹಾದು ಆ ಬಿಸಿಯನ್ನು ಹೊತ್ತುಕೊಳ್ಳುತ್ತದೆ. ಆಮೇಲೆ ಎಂಜಿನ್ ಸುತ್ತ ಹರಿದು ಹೆಚ್ಚಾಗಿ ಕಾರಿನ ಅಡಿಯಿಂದ ಹೊರಗೆ ಹೋಗುತ್ತದೆ. ಕಾರು ನಿಂತಿದ್ದರೆ ಫ್ಯಾನು ಈ ಗಾಳಿಯನ್ನು ಎಳೆಯುತ್ತದೆ.

ನಮ್ಮೂರಿನ ಬಿಸಿಲು ಇಲ್ಲಿ ಎಷ್ಟು ಕೆಟ್ಟದ್ದು ಅಂತ ಒಂದು ಸಣ್ಣ ಲೆಕ್ಕ. ಬಿಸಿ ಹರಿಯುವುದು ವ್ಯತ್ಯಾಸದ ಮೇಲೆ. ಕೂಲಂಟ್ 95 ಡಿಗ್ರಿ, ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ವ್ಯತ್ಯಾಸ 70. ಮೇ ತಿಂಗಳಲ್ಲಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಗಾಳಿ 42 ಆಯಿತು ಅನ್ನಿ, ವ್ಯತ್ಯಾಸ 53ಕ್ಕೆ ಇಳಿಯಿತು. ಅಂದರೆ ಅದೇ ರೇಡಿಯೇಟರ್, ಅದೇ ಫ್ಯಾನು, ಆದರೆ ಕೆಲಸ ಕಾಲು ಭಾಗ ಕಮ್ಮಿ. ಎಸಿ ಹಾಕಿದರೆ ಇನ್ನೂ ಕಷ್ಟ. ಎಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತಿರುತ್ತದೆ. ಅದು ಬಿಸಿ ಮಾಡಿ ಬಿಟ್ಟ ಗಾಳಿಯೇ ರೇಡಿಯೇಟರಿಗೆ ಸಿಗುವುದು. ಉಂಡವರ ಎಲೆಯಲ್ಲಿ ಉಂಡ ಹಾಗೆ.

ಹೀಗಿದ್ದರೂ ಸರಿಯಾಗಿರುವ ಕಾರು ಕುದಿಯುವುದಿಲ್ಲ. ರೇಡಿಯೇಟರ್ ಮುಚ್ಚಳ ಅಡುಗೆಮನೆಯ ಕುಕ್ಕರ್ ಇದ್ದ ಹಾಗೆ. ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 120 ಡಿಗ್ರಿ ತನಕ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಈ ಲಾಭ ಹೋಯಿತು. ಹಾಗಾಗಿ ಕುದಿಯುವ ಕಾರಿಗೆ ಮೊದಲು ನೋಡಬೇಕಾದ್ದು ಮುಚ್ಚಳ, ಫ್ಯಾನು, ಕೂಲಂಟ್, ರೇಡಿಯೇಟರಿನ ಕೊಳೆ. ಬಿಸಿ ಇರುವಾಗ ಮಾತ್ರ ಮುಚ್ಚಳ ಮುಟ್ಟಬೇಡಿ. ಸೀಟಿ ಹೊಡೆಯುವ ಕುಕ್ಕರಿನ ಮುಚ್ಚಳ ಯಾರಾದರೂ ತೆಗೀತಾರಾ?

ವಾಷರ್ ಹಾಕಿ ತೆರೆದ ಸಂದಿ ಎಷ್ಟು ದೊಡ್ಡದು? ಬಾನೆಟ್ ಅಗಲ 120 ಸೆಂಟಿಮೀಟರ್, ಎತ್ತಿದ್ದು ಒಂದು ಸೆಂಟಿಮೀಟರ್. ಒಟ್ಟು 120 ಚದರ ಸೆಂಟಿಮೀಟರ್. ಚಿಕ್ಕ ಕಾರಿನ ರೇಡಿಯೇಟರ್ 60 ಬೈ 40 ಅಂದುಕೊಂಡರೂ 2400 ಚದರ ಸೆಂಟಿಮೀಟರ್. ಅದರ ಇಪ್ಪತ್ತನೇ ಒಂದು ಭಾಗ ಈ ಸಂದಿ. ಆದರೂ ಇರಲಿ, ಅಷ್ಟಾದರೂ ಬಿಸಿ ಹೋಗಲಿ ಅನ್ನಬಹುದು. ಕಾರು ನಿಂತಿರುವಾಗ ಹೋಗುತ್ತದೆ, ಸುಳ್ಳಲ್ಲ. ಬಿಸಿ ಗಾಳಿ ಮೇಲೇರುತ್ತದೆ, ಸಂದಿ ಸಿಕ್ಕರೆ ಅಲ್ಲಿಂದ ಹೊರಬೀಳುತ್ತದೆ. ನಾನೂ ಕೈ ಇಟ್ಟು ನೋಡಿದ್ದೇನೆ, ಬಿಸಿ ತಟ್ಟುತ್ತದೆ. ಮೇಸ್ತ್ರಿ ತೋರಿಸಿದ್ದೂ ಅದನ್ನೇ. "ನೋಡ್ರಿ, ಹೆಂಗ ಹೊಂಟೈತಿ."

ಕಾರು ಓಡಲಿಕ್ಕೆ ಶುರು ಮಾಡಿದ ಮೇಲೆ ಕಥೆ ಉಲ್ಟಾ.

ತುಂಗಭದ್ರಾ ಕಾಲುವೆಯಲ್ಲಿ ನೀರು ಜೋರಾಗಿ ಬಿಟ್ಟಾಗ ಸೇತುವೆ ಕಂಬದ ಬುಡ ನೋಡಿದ್ದೀರಾ? ನೀರು ಕಂಬಕ್ಕೆ ಬಡಿದು ಅಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ. ಓಡುವ ಕಾರಿನಲ್ಲಿ ಮುಂದಿನ ಗಾಜು ಆ ಕಂಬ ಇದ್ದ ಹಾಗೆ. ಬಾನೆಟ್ ಮೇಲೆ ಹರಿದು ಬಂದ ಗಾಳಿ ಗಾಜಿಗೆ ಬಡಿದು ಅದರ ಬುಡದಲ್ಲಿ ನಿಧಾನ ಆಗುತ್ತದೆ. ನಿಧಾನ ಆದಲ್ಲಿ ಒತ್ತಡ ಏರುತ್ತದೆ. ಗಾಜಿನ ಬುಡದ ಆ ಜಾಗಕ್ಕೆ ಕೌಲ್ ಅನ್ನುತ್ತಾರೆ. (ನಮ್ಮ ಕೌಲ್ ಬಜಾರಿಗೂ ಇದಕ್ಕೂ ಸಂಬಂಧ ಇಲ್ಲ. ಬಳ್ಳಾರಿಯವರು ನಗುತ್ತೀರಿ ಅಂತ ಮೊದಲೇ ಹೇಳಿಬಿಟ್ಟೆ.) ಕಾರಿನ ಒಳಗೆ ಬರುವ ತಾಜಾ ಗಾಳಿಯ ಬಾಯಿಯನ್ನು ಕಂಪನಿಯವರು ಕೌಲಿನಲ್ಲೇ ಇಡುವುದು ಇದೇ ಕಾರಣಕ್ಕೆ. ಅಲ್ಲಿ ಒತ್ತಡ ಜಾಸ್ತಿ, ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ.

ಇದರ ಮೇಲೆ ಅಮೆರಿಕದವರು ಒಂದು ತಂತ್ರವನ್ನೇ ಮಾಡಿದರು. 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ ಕಾರಿಗೆ ಬಾನೆಟ್ಟಿನ ಹಿಂಭಾಗದಲ್ಲಿ, ಗಾಜಿನ ಕಡೆಗೆ ಬಾಯಿ ತೆರೆಯುವ ಒಂದು ಮುಚ್ಚಳ ಕೊಡುತ್ತಿದ್ದರು. ಹೆಸರು ಕೌಲ್ ಇಂಡಕ್ಷನ್. ಎಂಜಿನ್ನಿಗೆ ಗಾಳಿ ಒಳಗೆ ತರಲಿಕ್ಕೆ! ನಾವು ಬಿಸಿ ಹೊರಗೆ ಹೋಗಲಿ ಅಂತ ತೆರೆಯುವ ಬಾಗಿಲು, ಅವರಿಗೆ ಗಾಳಿ ಒಳಗೆ ಬರುವ ಬಾಗಿಲು.

ಇದನ್ನು ಓದಿದ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಎಲ್ಲ ಕಾರಿನ ಆಕಾರ ಒಂದೇ ಅಲ್ವಲ್ಲ. ಮನೆಯಲ್ಲಿ ಸ್ವೆಟರ್ ಹೆಣೆದು ಉಳಿದ ಉಲ್ಲನ್ ದಾರ ಇತ್ತು. ಬೆರಳುದ್ದದ ಹತ್ತು ತುಂಡು ಮಾಡಿ, ಬಾನೆಟ್ಟಿನ ಹಿಂದಿನ ಅಂಚಿಗೆ ಸಾಲಾಗಿ ಟೇಪ್ ಹಚ್ಚಿದೆ. ಬೆಳಿಗ್ಗೆ ಆರಕ್ಕೆ, ರಸ್ತೆ ಖಾಲಿ ಇರುವಾಗ, ಗೆಳೆಯನನ್ನು ಡ್ರೈವಿಂಗಿಗೆ ಕೂರಿಸಿ ಸಿರುಗುಪ್ಪ ರಸ್ತೆಗೆ ಹೋದೆವು. ನಿಂತಾಗ ದಾರಗಳು ಸುಮ್ನೆ ಅಲ್ಲಾಡುತ್ತಿದ್ದವು. ನಲವತ್ತರಲ್ಲಿ ಗೊಂದಲ. ಎಂಬತ್ತಕ್ಕೆ ಬಂದಾಗ ನಡುವಿನ ಆರೇಳು ದಾರ ಒಂದೊಂದಾಗಿ ಸಂದಿಯೊಳಗೆ ಹೊಕ್ಕವು. ಎರಡೂ ಮೂಲೆಯವು ಮಾತ್ರ ಹೊರಗೆ ಹಾರಾಡುತ್ತಿದ್ದವು. ಗೆಳೆಯ, "ಎಲ್ಲಾ ಒಳಗ ಹೋದ್ವಲ್ಲೋ" ಅಂದ. ಗಾಳಿ ಹೊರಗೆ ಹೋಗುತ್ತಿರಲಿಲ್ಲ, ಒಳಗೆ ಬರುತ್ತಿತ್ತು. ರೇಡಿಯೇಟರ್ ದಾಟಿ ಬಂದ ಗಾಳಿ ಹೊರಗೆ ಹೋಗಲಿಕ್ಕೆ ನೋಡುವಾಗ ಎದುರಿನಿಂದ ಇನ್ನೊಂದು ಗಾಳಿ ತಳ್ಳಿದರೆ ಏನಾಗುತ್ತದೆ? ರೇಡಿಯೇಟರಿನ ಹರಿವೇ ಕುಗ್ಗುತ್ತದೆ. ನಿಮ್ಮ ಕಾರಿನಲ್ಲಿ ಹೇಗೋ, ದಾರ ಕಟ್ಟಿ ನೋಡಿ. ಇನ್ನೊಬ್ಬರು ಓಡಿಸಬೇಕು, ನೀವು ನೋಡಬೇಕು.

ಇನ್ನೆರಡು ತೊಂದರೆ ವಾಷರ್ ಹಾಕಿದ ವಾರದಲ್ಲೇ ಗೊತ್ತಾದವು. ಬಾನೆಟ್ಟಿನ ಹಿಂದಿನ ಅಂಚಿನ ಕೆಳಗೆ ಉದ್ದಕ್ಕೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಬಾನೆಟ್ ಮುಚ್ಚಿದಾಗ ಅದರ ಮೇಲೆ ಕೂತು, ಎಂಜಿನ್ ಕೋಣೆಯನ್ನು ಕೌಲಿನಿಂದ ಬೇರೆ ಮಾಡುತ್ತದೆ. ವಾಷರ್ ಹಾಕಿದ ಮೇಲೆ ಬಾನೆಟ್ ಆ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಬಿಸಿ ಗಾಳಿ, ಎಣ್ಣೆ ವಾಸನೆ ನೇರವಾಗಿ ಕೌಲಿಗೆ, ಅಲ್ಲಿಂದ ಬ್ಲೋವರ್ ಮೂಲಕ ನಮ್ಮ ಮೂಗಿಗೆ. ಎಲ್ಲಾದರೂ ಹೊಗೆ ಸೋರುತ್ತಿದ್ದರೆ ಅದೂ ಒಳಗೇ ಬರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಗೊತ್ತೇ ಆಗುವುದಿಲ್ಲ. ಎರಡನೆಯದು ಮಳೆ. ಗಾಜಿನಿಂದ ಇಳಿದ ನೀರು ಕೌಲಿನ ಮೋರಿಗೆ ಹೋಗುವ ಬದಲು ಎಂಜಿನ್ ಮೇಲೆ, ವೈರಿಂಗ್ ಮೇಲೆ ಹನಿಯುತ್ತದೆ.

ಬೋಲ್ಟಿನ ಲೆಕ್ಕ

ನಮ್ಮ ಕಾರಿನಲ್ಲಿ ಹಿಂಜಿಗೆ ಎರಡು ಬೋಲ್ಟ್, ಒಟ್ಟು ನಾಲ್ಕು. ಎಲ್ಲವೂ 8 ಮಿಮೀ ದಪ್ಪ, 16 ಮಿಮೀ ಉದ್ದ. 8 ಮಿಮೀ ಬೋಲ್ಟಿನ ಮಾಮೂಲಿ ವಾಷರ್ 1.6 ಮಿಮೀ ದಪ್ಪ. ಒಂದು ಸೆಂಟಿಮೀಟರ್ ಎತ್ತಬೇಕಾದರೆ ಬೋಲ್ಟಿಗೆ ಆರು, ಒಟ್ಟು 24 ವಾಷರ್. ಆರು ವಾಷರ್ ಅಂದರೆ 9.6 ಮಿಮೀ. ಹಿಂಜಿನ ದಪ್ಪ 3 ಮಿಮೀ, ಬಾನೆಟ್ಟಿನ ತಗಡು ಹತ್ತಿರ ಹತ್ತಿರ 1 ಮಿಮೀ. ಹದಿನಾರರಲ್ಲಿ ಇವನ್ನೆಲ್ಲ ಕಳೆಯಿರಿ. ನಟ್ಟಿನ ಒಳಗೆ ಹೋಗಲಿಕ್ಕೆ ಉಳಿದದ್ದು 2.4 ಮಿಮೀ. ಈ ಬೋಲ್ಟಿನ ಒಂದೊಂದು ಸುತ್ತು 1.25 ಮಿಮೀ. ಅಂದರೆ ಇಡೀ ಬಾನೆಟ್ಟನ್ನು ಹಿಡಿದಿದ್ದು ಎರಡೆರಡು ಸುತ್ತು ಥ್ರೆಡ್.

ಬೋಲ್ಟಿನ ಥ್ರೆಡ್ ಕನಿಷ್ಠ ಅದರ ದಪ್ಪದಷ್ಟಾದರೂ ಒಳಗೆ ಕೂರಬೇಕು ಅನ್ನುವುದು ಫಿಟ್ಟರುಗಳ ಹಳೆಯ ಲೆಕ್ಕ. 8 ಮಿಮೀ ಬೋಲ್ಟಿಗೆ 8 ಮಿಮೀ. ನನ್ನದು 2.4. ಉದ್ದದ ಬೋಲ್ಟ್ ಹಾಕಿದ್ದರೆ ಸರಿಯಾಗುತ್ತಿತ್ತಾ? ಅರ್ಧ ಸರಿ. ಆರು ವಾಷರ್ ಪೇರಿಸಿದ ಕಂಬ ಗಟ್ಟಿ ಕಬ್ಬಿಣದಂತೆ ಇರುವುದಿಲ್ಲ. ನಡುಗುತ್ತಾ ನಡುಗುತ್ತಾ ಒಂದರ ಮೇಲೊಂದು ಜರುಗುತ್ತದೆ, ಬೋಲ್ಟ್ ಸಡಿಲ ಆಗುತ್ತದೆ.

ಸಡಿಲ ಆದರೆ ಏನು ಮಹಾ? ಅದಕ್ಕೂ ಲೆಕ್ಕ ಇದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಅಡ್ಡ ನಿಂತ ಹಲಗೆಯ ಪ್ರತಿ ಚದರ ಮೀಟರಿಗೆ ಗಾಳಿ ಸುಮಾರು 30 ಕೆಜಿಯಷ್ಟು ತಳ್ಳುತ್ತದೆ. ನೂರಕ್ಕೆ ಹೋದರೆ ಅದು 45 ದಾಟುತ್ತದೆ. ಓಡುವಾಗ ಬಾನೆಟ್ ಎದ್ದು ನಿಂತರೆ ಅಷ್ಟೂ ಹೊಡೆತ ಎರಡು ಹಿಂಜಿನ ಮೇಲೆ. ಹಿಂಜ್ ಬಗ್ಗಿ ಬಾನೆಟ್ ಗಾಜಿಗೆ ಅಪ್ಪಳಿಸುತ್ತದೆ, ರಸ್ತೆ ಕಾಣುವುದಿಲ್ಲ. ಇದಕ್ಕೇ ಲಾಕಿನಲ್ಲಿ ಎರಡು ಹಂತ ಇರುವುದು. ಒಳಗಿನ ಲಿವರ್ ಎಳೆದರೆ ಮೊದಲನೆಯದು ಬಿಡುತ್ತದೆ. ಎರಡನೆಯ ಕೊಕ್ಕೆಯನ್ನು ಹೊರಗೆ ನಿಂತು ಬೆರಳಿನಿಂದಲೇ ಬಿಡಿಸಬೇಕು. ಅಮೆರಿಕದಲ್ಲಿ ಈ ಎರಡನೇ ಹಿಡಿತ 1969ರಿಂದ ಕಾನೂನಿನಂತೆ ಕಡ್ಡಾಯ.

ಹಿಂಜಿಗೆ ಇನ್ನೂ ಒಂದು ಕೆಲಸ ಇದೆ, ಅದು ಅಪಘಾತದ ದಿನ ಮಾತ್ರ ಗೊತ್ತಾಗುತ್ತದೆ. ಎದುರಿನಿಂದ ಗುದ್ದಿದಾಗ ಬಾನೆಟ್ ನಡುವೆ ಮಡಿಚಿ ಮನೆಯ ಮಾಡಿನಂತೆ ಎದ್ದು ನಿಲ್ಲುತ್ತದೆ. ನೋಡಿದವರು "ಎಂಥಾ ಲಡ್ಡು ತಗಡು" ಅಂತ ಬೈಯುತ್ತಾರೆ. ಅದು ಬೇಕಂತಲೇ ಮಾಡಿದ್ದು. ಎಲ್ಲಿ ಮಡಚಬೇಕೋ ಅಲ್ಲಿ ಒಳಪಟ್ಟಿಯನ್ನು ಮೆತ್ತಗೆ ಮಾಡಿರುತ್ತಾರೆ. ಹಿಂದಿನ ಅಂಚನ್ನು ಹಿಂಜ್ ಗಟ್ಟಿಯಾಗಿ ಹಿಡಿದರೆ ಮಾತ್ರ ನಡುವೆ ಮಡಚುವುದು. ಹಿಂಜ್ ಬಿಟ್ಟಿತೋ, ಮಡಚುವ ಬದಲು ಇಡೀ ತಗಡು ಈಳಿಗೆಯಂತೆ ಗಾಜಿನೊಳಗೆ ನುಗ್ಗುತ್ತದೆ. ಎರಡು ಸುತ್ತು ಥ್ರೆಡ್ ಮೇಲೆ ನಾನು ಅದೆಷ್ಟು ಸಲ ಹೊಸಪೇಟೆಗೆ ಹೋಗಿ ಬಂದೆನೋ. ಈಗ ನೆನೆದರೆ ಮೈ ಜುಂ ಅನ್ನುತ್ತದೆ.

ಕೆಲವು ದುಬಾರಿ ಕಾರುಗಳಲ್ಲಿ ಹಿಂಜಿನ ಪಕ್ಕದಲ್ಲೇ ಸಣ್ಣ ಸಿಡಿಮದ್ದು ಇರುತ್ತದೆ. ಪಾದಚಾರಿಗೆ ಗುದ್ದಿದರೆ ಅದು ಸಿಡಿದು ಬಾನೆಟ್ಟಿನ ಹಿಂಭಾಗವನ್ನು ಎತ್ತುತ್ತದೆ. ಆ ಮನುಷ್ಯನ ತಲೆ ಗಟ್ಟಿ ಎಂಜಿನ್ನಿಗೆ ತಾಗದಿರಲಿ ಅಂತ. 2005ರ ಸಿಟ್ರೊಯೆನ್ ಸಿ6ನಲ್ಲಿ ಇದಿತ್ತು. ಅಂಥ ಕಾರು ನಿಮ್ಮದಾದರೆ ಹಿಂಜಿನ ಹತ್ತಿರ ಪಾನಾ ತರಲೇಬೇಡಿ.

ಸರಳು ತೆಗೆದು ಶಾಕಪ್ ಹಾಕುವುದು

ಮನೆಯಲ್ಲಿ ಜನ ಮಾಡುವ ಇನ್ನೊಂದು ಬದಲಾವಣೆ ಇದು. ಬಾನೆಟ್ಟಿಗೆ ಆಸರೆ ಕೊಡುವ ಸರಳನ್ನು ತೆಗೆದು ಡಿಕ್ಕಿಗೆ ಇರುವಂಥ ಗ್ಯಾಸ್ ಶಾಕಪ್ ಹಾಕುವುದು. ಇದು ಕೆಟ್ಟ ಕೆಲಸ ಅಲ್ಲ. ಆದರೆ ಶಾಕಪ್ ಎಷ್ಟು ಬಲದ್ದು ಅನ್ನುವುದೇ ಎಲ್ಲ. ಬಲವನ್ನು ಅದರ ಮೈಮೇಲೆ ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. ಹತ್ತು ನ್ಯೂಟನ್ ಅಂದರೆ ಹತ್ತಿರ ಹತ್ತಿರ ಒಂದು ಕೆಜಿ ಅಂತ ಇಟ್ಟುಕೊಳ್ಳಿ.

ಬಾನೆಟ್ ತೂಕ 14 ಕೆಜಿ ಇರಲಿ. ಪೂರ್ತಿ ಎತ್ತಿದಾಗ ಅದರ ಭಾರದ ನಡುಬಿಂದು ಹಿಂಜಿನಿಂದ ಅಡ್ಡಕ್ಕೆ 30 ಸೆಂಮೀ ದೂರ ಇರಲಿ. 14 ಗುಣಿಸು 30, ಅಂದರೆ 420. ಇದು ಬಾನೆಟ್ಟನ್ನು ಕೆಳಗೆ ಬೀಳಿಸಲು ನೋಡುವ ಹಟ. ಶಾಕಪ್ ತಳ್ಳುವ ಗೆರೆ ಹಿಂಜಿನಿಂದ 18 ಸೆಂಮೀ ದೂರ ಹಾದರೆ, 420ನ್ನು 18ರಿಂದ ಭಾಗಿಸಿ. ಸುಮಾರು 23 ಕೆಜಿ. ಎರಡು ಶಾಕಪ್‌ಗೆ ಹಂಚಿದರೆ ಒಂದಕ್ಕೆ 12 ಕೆಜಿ, ಅಂದರೆ 120 ನ್ಯೂಟನ್. ಗಾಳಿಗೆ, ವಯಸ್ಸಿಗೆ ಅಂತ ಸ್ವಲ್ಪ ಸೇರಿಸಿ 150 ತಗೊಂಡರೆ ಸಾಕು. ಅಂಗಡಿಯವನು "ಜಾಸ್ತಿ ಪವರಿಂದು ಹಾಕ್ರಿ" ಅಂತ 300ರದ್ದು ಕೊಡಲಿಕ್ಕೆ ಬರುತ್ತಾನೆ. ಬೇಡ ಅನ್ನಿ.

ಯಾಕೆ ಬೇಡ ಅಂದರೆ, ಬಾನೆಟ್ ಮುಚ್ಚಿದಾಗಲೂ ಶಾಕಪ್ ಸುಮ್ಮನೆ ಕೂರುವುದಿಲ್ಲ. ಅಡ್ಡ ಮಲಗಿ ತಳ್ಳುತ್ತಲೇ ಇರುತ್ತದೆ. ಆಗ ಅದು ಬಾನೆಟ್ಟನ್ನು ಎತ್ತುವುದು ಸ್ವಲ್ಪ, ಹಿಂದಕ್ಕೋ ಮುಂದಕ್ಕೋ ದೂಡುವುದೇ ಜಾಸ್ತಿ. ಆ ದೂಡುವಿಕೆಯನ್ನು ಹಗಲೂ ರಾತ್ರಿ ತಡೆಯುವುದು ಹಿಂಜಿನ ಪಿನ್ನು ಮತ್ತು ಬಾನೆಟ್ಟಿನ ತಗಡು. ಸರಳಿನ ಆಸರೆಗೆ ಅಂತ ಮಾಡಿದ ಬಾನೆಟ್ಟಿನಲ್ಲಿ ಶಾಕಪ್ ಕೂರುವ ಜಾಗಕ್ಕೆ ಒಳಪಟ್ಟಿಯ ಬಲ ಇರುವುದಿಲ್ಲ. ಆರು ತಿಂಗಳಲ್ಲಿ ಬಾನೆಟ್ಟಿನ ಪಕ್ಕದ ಅಂಚು ಹಪ್ಪಳದಂತೆ ಉಬ್ಬುತ್ತದೆ.

ಬಿಸಿಲಿನ ಮಾತು ಇಲ್ಲೂ ಬರುತ್ತದೆ. ಶಾಕಪ್ ಒಳಗಿರುವುದು ಒತ್ತಿ ತುಂಬಿದ ನೈಟ್ರೋಜನ್. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಬಲ ಸುಮಾರು 3.4 ಶೇಕಡ ಏರುತ್ತದೆ. 20 ಡಿಗ್ರಿಯಲ್ಲಿ 150 ನ್ಯೂಟನ್ ಇದ್ದದ್ದು, ಬಿಸಿ ಎಂಜಿನ್ ಪಕ್ಕ 70 ಡಿಗ್ರಿಯಲ್ಲಿ 175 ಆಗುತ್ತದೆ. ಮಧ್ಯಾಹ್ನ ಗಟ್ಟಿಯಾಗಿ ನಿಂತ ಬಾನೆಟ್ ಡಿಸೆಂಬರಿನ ಬೆಳಿಗ್ಗೆ ಮೆಲ್ಲಗೆ ತಲೆಯ ಮೇಲೆ ಇಳಿಯಬಹುದು. ಹಾಗಾಗಿ ಪರೀಕ್ಷೆ ಮಾಡುವುದಾದರೆ ಬೆಳಗಿನ ತಂಪಿನಲ್ಲಿ ಮಾಡಿ. ಹಳೇ ಸರಳನ್ನು ಎಸೆಯಬೇಡಿ, ಇದ್ದಲ್ಲೇ ಇರಲಿ. ಹಾಕುವಾಗ ತೆಳು ಕಡ್ಡಿ ಕೆಳಮುಖ, ದಪ್ಪ ಕೊಳವೆ ಮೇಲ್ಮುಖ ಇರಬೇಕು. ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದು ಒಣಗುವುದಿಲ್ಲ. ಹಾಳಾದ ಶಾಕಪ್ಪನ್ನು ಕೊರೆಯುವುದು, ಕಾಯಿಸುವುದು ಪ್ರಾಣಕ್ಕೇ ಅಪಾಯ.

ಮನೆಯಲ್ಲಿ ಮಾಡಬಹುದಾದ್ದು

ಹಿಂಜ್ ಸರಿಪಡಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಬಾನೆಟ್ ಓರೆ ಕೂತಿದೆ, ಒಂದು ಕಡೆ ಸಂದಿ ಜಾಸ್ತಿ, ಇನ್ನೊಂದು ಕಡೆ ಉಜ್ಜುತ್ತಿದೆ ಅನ್ನಿ. ಹಿಂಜಿನ ರಂಧ್ರಗಳು ಬೋಲ್ಟಿಗಿಂತ ಸ್ವಲ್ಪ ದೊಡ್ಡವು ಇರುತ್ತವೆ, ಇಂಥ ಹೊಂದಾಣಿಕೆಗೆ ಅಂತಲೇ.

ಒಬ್ಬರೇ ಮಾಡಬೇಡಿ. ಬಾನೆಟ್ ಹಿಡಿಯಲು ಇನ್ನೊಬ್ಬರು ಬೇಕು. ಹಿಂದಿನ ಎರಡೂ ಮೂಲೆಗೆ, ಗಾಜಿನ ಬುಡಕ್ಕೆ ಹಳೇ ಟವೆಲ್ ಮಡಿಸಿ ಇಡಿ. ಮೊದಲು ಮಾರ್ಕರಿನಿಂದ ಹಿಂಜಿನ ಸುತ್ತ, ಬೋಲ್ಟ್ ತಲೆಯ ಸುತ್ತ ಗೆರೆ ಎಳೆಯಿರಿ. ಈ ಗೆರೆ ನಿಮ್ಮ ಮನೆ ದಾರಿ, ಏನು ತಪ್ಪಿದರೂ ಇಲ್ಲಿಗೆ ವಾಪಸ್ ಬರಬಹುದು. ನಾನು ಮೊದಲ ಸಲ ಗೆರೆ ಎಳೆಯದೆ ಬಿಚ್ಚಿ ಇಡೀ ಭಾನುವಾರ ಕಳೆದುಕೊಂಡೆ. ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ, ಬಾನೆಟ್ ಕೈಯಲ್ಲಿ ಜರುಗುವಷ್ಟು ಸಡಿಲ ಮಾಡಿ. ಒಂದು ಸಲಕ್ಕೆ ಒಂದು ಮಿಲಿಮೀಟರ್ ಸಾಕು.

ಜರುಗಿಸಿದ ಮೇಲೆ ಧಪ್ ಅಂತ ಮುಚ್ಚಬೇಡಿ. ಬಾನೆಟ್ ಜರುಗಿದರೆ ಮುಂದಿನ ಕೊಂಡಿಯೂ ಜರುಗಿರುತ್ತದೆ. ಅದು ಲಾಕಿನ ಬಾಯಿಗೆ ಓರೆಯಾಗಿ ಸಿಕ್ಕಿಕೊಂಡರೆ ಬಾನೆಟ್ ಮತ್ತೆ ತೆರೆಯುವುದಿಲ್ಲ. ನಿಧಾನವಾಗಿ ಇಳಿಸಿ, ಕೊಂಡಿ ಬಾಯಿಯ ನಡುವೆ ಇಳಿಯುತ್ತದಾ ಅಂತ ಕಣ್ಣಿಟ್ಟು ನೋಡಿ. ಸಂದಿ ಅಳೆಯಲು ಹಳೇ ಎಟಿಎಂ ಕಾರ್ಡ್ ಚೆನ್ನಾಗಿವೆ. ಒಂದು ಕಾರ್ಡ್ 0.76 ಮಿಮೀ, ಐದು ಜೋಡಿಸಿದರೆ 3.8 ಮಿಮೀ. ಬಹಳ ಕಾರುಗಳ ಸಂದಿ ನಾಲ್ಕರ ಆಸುಪಾಸಿನಲ್ಲೇ ಇರುತ್ತದೆ. ಮುಂದಿನ ಎತ್ತರ ಹೊಂದಿಸಲು ಹಿಂಜ್ ಮುಟ್ಟಬೇಕಿಲ್ಲ, ಮುಂದೆ ಎರಡು ಮೂಲೆಯಲ್ಲಿರುವ ರಬ್ಬರ್ ಗುಬುಟುಗಳನ್ನು ತಿರುಗಿಸಿ.

ಬಿಗಿಯುವಾಗ ಬೋಲ್ಟ್ ತಲೆ ನೋಡಿ. 8.8 ಅಂತ ಬರೆದಿದ್ದರೆ, 8 ಮಿಮೀ ಬೋಲ್ಟಿಗೆ 24 ನ್ಯೂಟನ್ ಮೀಟರ್ ಸುಮಾರಿನ ಬಿಗಿ, 6 ಮಿಮೀಗೆ ಹತ್ತು. ಕಂಪನಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಕೊನೆಗೆ ಒಳಗಿನ ಲಿವರ್ ಎಳೆದು, ಬಾನೆಟ್ಟನ್ನು ಕೈಯಿಂದ ಎತ್ತಿ ನೋಡಿ. ಎರಡನೇ ಕೊಕ್ಕೆ ಹಿಡಿಯಬೇಕು. ಹಿಡಿಯದಿದ್ದರೆ ಕಾರು ಹೊರಗೆ ತೆಗೆಯಬೇಡಿ.

ಪಿನ್ನು ಸವೆದು ಹಿಂಜ್ ಗಡಗಡ ಅಂದರೆ ಹೊಸದೇ ಹಾಕಿ. ವೆಲ್ಡ್ ಬೇಡ. ಹಿಂಜಿನ ಸತು ಲೇಪನ ಸುಟ್ಟು ತುಕ್ಕಿಗೆ ದಾರಿಯಾಗುತ್ತದೆ, ಆ ಹೊಗೆ ಕುಡಿದವನಿಗೆ ರಾತ್ರಿ ಜ್ವರ ಬರುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಅಂತ ಸೇರಿಸಿದರು. ವಾಷರನ್ನು ಯಾರೂ ಎಣಿಸಲಿಕ್ಕೆ ಬರುವುದಿಲ್ಲ ಬಿಡಿ. ಆದರೆ ಕತ್ತರಿಸಿ ಮಾಡಿದ ಉಲ್ಟಾ ಬಾನೆಟ್ ಎಲ್ಲರ ಕಣ್ಣಿಗೂ ಬೀಳುತ್ತದೆ.

ಇನ್ನು ಧೂಳು. ಸಂಡೂರಿನ ಅದಿರು ಹೆಮಟೈಟ್. ಗಟ್ಟಿತನದ ಮೋಸ್ ಅಳತೆಯಲ್ಲಿ ಅದು 5.5ರಿಂದ 6.5. ಕಬ್ಬಿಣ ಬರೀ 4. ಅಂದರೆ ನಮ್ಮ ಕೆಂಪು ಧೂಳು ಹಿಂಜಿನ ಪಿನ್ನಿಗಿಂತ ಗಟ್ಟಿ. ಒಡವೆಗೆ ಹೊಳಪು ಕೊಡುವ ಕೆಂಪು ರೂಜ್ ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಹಿಂಜಿಗೆ ದಪ್ಪ ಗ್ರೀಸ್ ಮೆತ್ತಿದರೆ ಧೂಳು ಅದಕ್ಕೆ ಅಂಟಿ, ಪಿನ್ನನ್ನು ಉಜ್ಜಿ ಉಜ್ಜಿ ಸವೆಸುವ ಮಸಾಲೆ ಅರೆದಂತಾಗುತ್ತದೆ. ಬಟ್ಟೆಯಿಂದ ಒರೆಸಿ, ಪಿನ್ನಿಗೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟು, ನಾಲ್ಕು ಸಲ ತೆರೆದು ಮುಚ್ಚಿ, ಹೊರಗೆ ಬಂದ ಎಣ್ಣೆಯನ್ನು ಮತ್ತೆ ಒರೆಸಿ. ತೋರಣಗಲ್ ಕಡೆ ದಿನಾ ಓಡಾಡುವವರು ಎರಡು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು.

ನಮ್ಮ ಕಾರು ಕುದಿಯುತ್ತಿದ್ದದ್ದಕ್ಕೂ ಕೊನೆಗೆ ಸಿಕ್ಕ ಕಾರಣ ಇದೇ ಧೂಳು. ಬೇರೆ ಮೇಸ್ತ್ರಿಯೊಬ್ಬರು ಕಂಡೆನ್ಸರ್ ಬಿಚ್ಚಿ ತೋರಿಸಿದರು. ಅದಕ್ಕೂ ರೇಡಿಯೇಟರಿಗೂ ನಡುವೆ ಕೆಂಪು ಮಣ್ಣು, ಹತ್ತಿಯ ಎಳೆ, ಸತ್ತ ಹುಳ ಎಲ್ಲ ಸೇರಿ ಕಂಬಳಿ ಹೊದೆಸಿದ ಹಾಗೆ ಕೂತಿತ್ತು. ಹಿಂದಿನಿಂದ ಮುಂದಕ್ಕೆ, ಮೆತ್ತನೆ ನೀರು ಬಿಟ್ಟು ತೊಳೆದರು. ಜೋರು ಒತ್ತಡದ ನೀರು ಹೊಡೆದರೆ ತೆಳು ಪದರ ಮಡಚಿಹೋಗುತ್ತವಂತೆ. ಮಾರನೇ ದಿನದಿಂದ ಮುಳ್ಳು ನಡುವೆ ನಿಂತಿತು.

ವಾಷರ್ ಎಲ್ಲ ತೆಗೆದು ಬಾನೆಟ್ಟನ್ನು ಹಳೇ ಗುರುತಿಗೆ ಕೂರಿಸಿದೆ. ಆ 24ರಲ್ಲಿ ನಾಲ್ಕು ಮನೆಯ ಗೇಟಿನ ಹಿಂಜಿಗೆ ಹೋದವು. ನೆಲಕ್ಕೆ ಉಜ್ಜುತ್ತಿದ್ದ ಗೇಟು ಈಗ ಉಜ್ಜುವುದಿಲ್ಲ.